ಇಂಗ್ಲಿಷ್ ಅರ್ಜಿ ನಮೂನೆಗಳಲ್ಲಿನ ಉಪವಾಕ್ಯಗಳು ಮತ್ತು ವಾಕ್ಯ ಪ್ರಕಾರಗಳು: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರ ಮೇರೆಗೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ. ಆದಾಗ್ಯೂ ಬ್ಯಾಂಕ್ ಸಾಲ, ವಿಮೆ, ಕೇಂದ್ರ ಸರ್ಕಾರದ ನೇಮಕಾತಿ ಮುಂತಾದವುಗಳ ಷರತ್ತುಗಳನ್ನು ಅರ್ಜಿದಾರರು ಅನೇಕ ವೇಳೆ ಇಂಗ್ಲಿಷಿನಲ್ಲಿಯೇ ಓದಬೇಕಾಗುತ್ತದೆ. ಪದಗಳ ಅರ್ಥ ತಿಳಿದಿದ್ದರೂ ವಾಕ್ಯದ ರಚನೆ ತಿಳಿಯದಿದ್ದಲ್ಲಿ ಷರತ್ತನ್ನು ತಪ್ಪಾಗಿ ಗ್ರಹಿಸಿ, ಅರ್ಜಿಯು ತಿರಸ್ಕೃತವಾಗುವ ಸಂಭವವಿರುತ್ತದೆ. ಆದುದರಿಂದ ಅರ್ಜಿದಾರರ ಅನುಕೂಲಕ್ಕಾಗಿ ಇಂಗ್ಲಿಷ್ ವಾಕ್ಯರಚನೆಯ ಮುಖ್ಯ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಉಪವಾಕ್ಯ ಎಂದರೇನು?

ಕರ್ತೃಪದ ಮತ್ತು ಅದರ ಕ್ರಿಯಾಪದವನ್ನು ಒಳಗೊಂಡ ಪದಸಮೂಹವೇ ಉಪವಾಕ್ಯ. ತಾನಾಗಿಯೇ ಪೂರ್ಣಾರ್ಥ ಕೊಡುವುದು ಪ್ರಧಾನ ಉಪವಾಕ್ಯ. ಇನ್ನೊಂದನ್ನು ಅವಲಂಬಿಸಿರುವುದು ಅಧೀನ ಉಪವಾಕ್ಯ. "ಇಫ್ ದಿ ಫೀ ಈಸ್ ಪೇಯ್ಡ್" ಎಂದಷ್ಟೇ ಹೇಳಿದರೆ ಅರ್ಥ ಪೂರ್ಣವಾಗುವುದಿಲ್ಲ. ಆದ್ದರಿಂದ ಅದು ಅಧೀನ ಉಪವಾಕ್ಯ.

ಕನ್ನಡದಲ್ಲಿ "ಅರ್ಜಿ ತುಂಬಿ, ಸಹಿ ಹಾಕಿ, ಶುಲ್ಕ ಪಾವತಿಸಿ ಸಲ್ಲಿಸತಕ್ಕದ್ದು" ಎಂಬಲ್ಲಿ ಪೂರ್ಣ ಕ್ರಿಯಾಪದವು ಕೊನೆಯ ಒಂದು ಮಾತ್ರ. ಇಂಗ್ಲಿಷಿನಲ್ಲಿ ಇವು ಸಾಮಾನ್ಯವಾಗಿ ಬೇರೆ ಬೇರೆ ಪೂರ್ಣ ಕ್ರಿಯಾಪದಗಳಾಗಿ ಬರುತ್ತವೆ.

2. ರಚನೆಯ ಆಧಾರದ ಮೇಲೆ ವಾಕ್ಯ ಪ್ರಕಾರಗಳು

ಅ) ಸಾಮಾನ್ಯ ವಾಕ್ಯ: ಒಂದೇ ಪ್ರಧಾನ ಉಪವಾಕ್ಯವಿರುತ್ತದೆ. ಉದಾ: "ದಿ ಅಪ್ಲಿಕೆಂಟ್ ಶಲ್ ಸೈನ್ ದಿ ಫಾರ್ಮ್."

ಆ) ಸಂಯೋಜಿತ ವಾಕ್ಯ: ಎರಡು ಅಥವಾ ಹೆಚ್ಚು ಪ್ರಧಾನ ಉಪವಾಕ್ಯಗಳು "ಅಂಡ್", "ಆರ್", "ಬಟ್" ಮುಂತಾದ ಪದಗಳಿಂದ ಸೇರಿರುತ್ತವೆ. "ಅಂಡ್" ಇದ್ದಲ್ಲಿ ಹೇಳಿದ ಎಲ್ಲವನ್ನೂ ಪೂರೈಸತಕ್ಕದ್ದು. "ಆರ್" ಇದ್ದಲ್ಲಿ ಯಾವುದಾದರೂ ಒಂದು ಸಾಕಾಗುತ್ತದೆ.

ಇ) ಮಿಶ್ರ ವಾಕ್ಯ: ಒಂದು ಪ್ರಧಾನ ಉಪವಾಕ್ಯದೊಡನೆ ಒಂದು ಅಥವಾ ಹೆಚ್ಚು ಅಧೀನ ಉಪವಾಕ್ಯಗಳಿರುತ್ತವೆ. ಷರತ್ತುಗಳು ಹೆಚ್ಚಾಗಿ ಈ ರೂಪದಲ್ಲಿಯೇ ಇರುತ್ತವೆ.

3. ಷರತ್ತು ಸೂಚಿಸುವ ಉಪವಾಕ್ಯಗಳು

ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮೊದಲು ಬಂದು ಫಲವು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಫಲವನ್ನು ಮೊದಲು ಹೇಳಿ ಷರತ್ತನ್ನು ಕೊನೆಗೆ ಸೇರಿಸುವುದೂ ರೂಢಿಯಲ್ಲಿದೆ. ವಾಕ್ಯದ ಮೊದಲ ಭಾಗವನ್ನಷ್ಟೇ ಓದಿ ನಿಲ್ಲಿಸುವವರಿಗೆ ಷರತ್ತು ತಿಳಿಯದೆ ಹೋಗುತ್ತದೆ.

"ಅನ್‌ಲೆಸ್" ಎಂಬ ಪದದ ಬಗ್ಗೆ ವಿಶೇಷ ಗಮನ ಅಗತ್ಯ. ಇದರೊಳಗೇ ನಿಷೇಧಾರ್ಥವು ಅಡಗಿದೆ. "ದಿ ಫೀ ವಿಲ್ ನಾಟ್ ಬಿ ರಿಫಂಡೆಡ್ ಅನ್‌ಲೆಸ್ ದಿ ಅಪ್ಲಿಕೇಶನ್ ಈಸ್ ರಿಜೆಕ್ಟೆಡ್" ಎಂದರೆ, ಅರ್ಜಿಯು ತಿರಸ್ಕೃತವಾದ ಹೊರತು ಶುಲ್ಕವನ್ನು ಮರುಪಾವತಿಸಲಾಗುವುದಿಲ್ಲ ಎಂದರ್ಥ. ಅರ್ಜಿಯನ್ನು ಸ್ವತಃ ಹಿಂಪಡೆದವರಿಗೆ ಈ ವಾಕ್ಯದಂತೆ ಶುಲ್ಕ ಹಿಂದಿರುಗುವುದಿಲ್ಲ.

"ಪ್ರೊವೈಡೆಡ್ ದಟ್" ಎಂದು ಕಾನೂನಿನಲ್ಲಿ ಆರಂಭವಾಗುವ ಭಾಗವು ಸಾಮಾನ್ಯವಾಗಿ ಮುಖ್ಯ ನಿಯಮಕ್ಕೆ ವಿನಾಯಿತಿ ಅಥವಾ ಮಿತಿಯನ್ನು ಹೇಳುತ್ತದೆ. ಕನ್ನಡ ಅಧಿನಿಯಮಗಳಲ್ಲಿನ "ಪರಂತು" ಇದಕ್ಕೆ ಸಮಾನ. ಮಾಹಿತಿ ಹಕ್ಕು ಅಧಿನಿಯಮ, 2005ರ 7(1)ನೇ ಪ್ರಕರಣದ ಮುಖ್ಯ ಭಾಗವು 30 ದಿನಗಳ ಕಾಲಮಿತಿಯನ್ನು ಹೇಳುತ್ತದೆ. ಮಾಹಿತಿಯು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ 48 ಗಂಟೆಗಳೊಳಗೆ ನೀಡತಕ್ಕದ್ದೆಂಬುದು ಅದರ ಪರಂತುಕದಲ್ಲಿದೆ. ಪರಂತುಕವನ್ನು ಓದದವರು ತಮ್ಮ ಹಕ್ಕನ್ನೇ ಅರಿಯದೆ ಉಳಿಯುತ್ತಾರೆ.

4. ವಿಶೇಷಣ ಉಪವಾಕ್ಯ ಮತ್ತು ಅಲ್ಪವಿರಾಮ

"ಹೂ", "ವಿಚ್" ಮುಂತಾದ ಪದಗಳಿಂದ ಆರಂಭವಾಗುವ ಉಪವಾಕ್ಯವು ನಾಮಪದವನ್ನು ವಿಶೇಷಿಸುತ್ತದೆ. "ಕ್ಯಾಂಡಿಡೇಟ್ಸ್ ಹೂ ಹ್ಯಾವ್ ನಾಟ್ ಪೇಯ್ಡ್ ದಿ ಫೀ ವಿಲ್ ಬಿ ರಿಜೆಕ್ಟೆಡ್" ಎಂಬುದು ಶುಲ್ಕ ಪಾವತಿಸದ ಅಭ್ಯರ್ಥಿಗಳಿಗೆ ಮಾತ್ರ ಅನ್ವಯಿಸುತ್ತದೆ. ಆ ಉಪವಾಕ್ಯದ ಎರಡೂ ಬದಿಗಳಲ್ಲಿ ಅಲ್ಪವಿರಾಮವಿದ್ದಲ್ಲಿ, ಅಭ್ಯರ್ಥಿಗಳಾರೂ ಶುಲ್ಕ ಪಾವತಿಸಿಲ್ಲ, ಎಲ್ಲರೂ ತಿರಸ್ಕೃತರಾಗುವರು ಎಂದಾಗುತ್ತದೆ.

5. ಉದ್ದೇಶದ ಆಧಾರದ ಮೇಲೆ ವಾಕ್ಯಗಳು

ಹೇಳಿಕೆ, ಪ್ರಶ್ನೆ, ಆಜ್ಞೆ ಮತ್ತು ಉದ್ಗಾರ ಎಂಬ ನಾಲ್ಕು ಬಗೆಗಳಲ್ಲಿ ಮೊದಲ ಮೂರು ನಮೂನೆಗಳಲ್ಲಿ ಕಂಡುಬರುತ್ತವೆ. "ಅಟ್ಯಾಚ್ ಎ ಫೋಟೋಗ್ರಾಫ್" ಎಂಬ ಆಜ್ಞಾವಾಕ್ಯದಲ್ಲಿ "ನೀವು" ಎಂಬ ಕರ್ತೃಪದವು ಅಧ್ಯಾಹಾರವಾಗಿದೆ. "ವೆದರ್ ಮ್ಯಾರೀಡ್" ಎಂಬಂತಹ ಅಂಕಣವು ಪೂರ್ಣ ವಾಕ್ಯವಲ್ಲದಿದ್ದರೂ ಪ್ರಶ್ನೆಯೇ ಆಗಿದ್ದು, ಹೌದು ಅಥವಾ ಇಲ್ಲ ಎಂದು ಉತ್ತರಿಸತಕ್ಕದ್ದು. "ಇಫ್ ಯೆಸ್" ಎಂಬುದು ಸಂಕ್ಷಿಪ್ತ ಉಪವಾಕ್ಯ. ಹೌದು ಎಂದವರು ಮಾತ್ರ ಮುಂದಿನ ವಿವರ ನೀಡಬೇಕು.

6. ಘೋಷಣೆಗೆ ಸಹಿ ಮಾಡುವ ಮುನ್ನ

"ಐ ಡಿಕ್ಲೇರ್ ದಟ್" ಎಂಬಲ್ಲಿ "ಐ ಡಿಕ್ಲೇರ್" ಎಂಬುದು ಪ್ರಧಾನ ಉಪವಾಕ್ಯ. "ದಟ್" ನಂತರ ಬರುವ ಪ್ರತಿಯೊಂದು ಉಪವಾಕ್ಯವೂ ಅರ್ಜಿದಾರರದೇ ಹೇಳಿಕೆಯಾಗುತ್ತದೆ. "ಅಂಡ್ ದಟ್" ಎಂದು ಮುಂದುವರಿದಲ್ಲಿ ಅದೂ ಸೇರುತ್ತದೆ. ತಿಳಿದೂ ಸುಳ್ಳು ಘೋಷಣೆ ಮಾಡಿದಲ್ಲಿ ಕಾನೂನು ಕ್ರಮಕ್ಕೆ ಗುರಿಯಾಗಬಹುದಾದ್ದರಿಂದ ಪ್ರತಿ ಉಪವಾಕ್ಯವನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಸೂಕ್ತ.

7. ಅನುಸರಿಸಬೇಕಾದ ಕ್ರಮ

- ಮೊದಲಿಗೆ ವಾಕ್ಯವನ್ನು ಪೂರ್ಣವಿರಾಮದವರೆಗೆ ಓದುವುದು.
- ಕ್ರಿಯಾಪದಗಳನ್ನು ಗುರುತಿಸಿ, ಪ್ರತಿಯೊಂದರ ಕರ್ತೃ ಯಾರೆಂದು ನೋಡುವುದು.
- "ಇಫ್", "ಅನ್‌ಲೆಸ್", "ಹೂ", "ದಟ್" ಮುಂತಾದ ಸಂಯೋಜಕ ಪದಗಳಿಗೆ ಅಡಿಗೆರೆ ಎಳೆಯುವುದು.
- ಷರತ್ತನ್ನು ಮುಂದಿಟ್ಟು, ಕನ್ನಡದ ಕ್ರಮದಲ್ಲಿ ಹೇಳಿ ನೋಡುವುದು.

ಗಮನಿಸಿ: ಮಾಹಿತಿ ಹಕ್ಕು ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಸಲ್ಲಿಸಬಹುದಾಗಿದೆ. ಬರೆದು ಕೊಡಲಾಗದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯು ಸೂಕ್ತ ನೆರವು ನೀಡತಕ್ಕದ್ದು. ಅರ್ಥವಾಗದ ಷರತ್ತಿನ ಬಗ್ಗೆ ಸಹಿ ಮಾಡುವ ಮೊದಲೇ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.