ಬಾಂಡ್ ಪೇಪರ್‌ಗೆ ಸಹಿ ಹಾಕಿದರೆ ವಿಚ್ಛೇದನ ಆಗಲ್ಲ: ದಂಪತಿ ಬೇರೆಯಾಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಡಿಕೇರಿ: ಗಂಡ-ಹೆಂಡತಿ ನಡುವೆ ಹೊಂದಾಣಿಕೆ ಆಗುತ್ತಿಲ್ಲ. ಹೆಂಡತಿ ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ನಾಪೋಕ್ಲು ಕಡೆಯ ತವರಿಗೆ ಬಂದಿದ್ದಾಳೆ. ಗಂಡ ಗೋಣಿಕೊಪ್ಪ ಹತ್ತಿರ ತೋಟ ನೋಡಿಕೊಂಡಿದ್ದಾನೆ. ಎರಡೂ ಮನೆಯ ಹಿರಿಯರು ಕೂತು ಮಾತಾಡುತ್ತಾರೆ. ಬಾಂಡ್ ಪೇಪರ್‌ನಲ್ಲಿ ‘ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆಯಾಗಿದ್ದೇವೆ, ಇನ್ನು ಮುಂದೆ ಒಬ್ಬರಿಂದ ಒಬ್ಬರಿಗೆ ಏನೂ ಬೇಡ’ ಅಂತ ಬರೆಸಿ, ಸಹಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸುತ್ತಾರೆ. ಕೋರ್ಟು-ಕಚೇರಿ ಅಲೆದಾಟ ತಪ್ಪಿತು ಅಂತ ಎಲ್ಲರಿಗೂ ಸಮಾಧಾನ.

ಇದೊಂದು ಉದಾಹರಣೆ ಮಾತ್ರ. ಆದರೆ ಇಂತಹ ಕಾಗದವನ್ನೇ ‘ಡೈವೋರ್ಸ್’ ಅಂತ ನಂಬಿದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಕಾನೂನಿನ ಪ್ರಕಾರ ಇವರಿಬ್ಬರೂ ಈಗಲೂ ಗಂಡ-ಹೆಂಡತಿಯೇ. ಅದಕ್ಕಿಂತ ಮುಖ್ಯವಾಗಿ, ಆ ಕಾಗದದ ಒಂದು ಸಾಲು ಹೆಂಡತಿಯ ಜೀವನಾಂಶಕ್ಕೇ ಅಡ್ಡ ಬರಬಹುದು.

ಕಾಗದ ಏಕೆ ಸಾಲದು?

ವಿಚ್ಛೇದನಕ್ಕೆ ಕರ್ನಾಟಕಕ್ಕೇ ಅಂತ ಬೇರೆ ಕಾನೂನಿಲ್ಲ. ಹಿಂದೂಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯವಾಗುತ್ತದೆ. ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಲೇ ಜಾರಿಗೆ ಬಂದ ಈ ಕಾಯ್ದೆ ಕೊಡವರು, ಗೌಡರು ಸೇರಿದಂತೆ ಜಿಲ್ಲೆಯ ಹಿಂದೂ ಸಮುದಾಯಗಳಿಗೆ ಅನ್ವಯಿಸುತ್ತದೆ. ಇದರಡಿ ಮದುವೆ ಮುರಿಯುವುದು ನ್ಯಾಯಾಲಯದ ಡಿಕ್ರಿಯಿಂದ.

ಇದಕ್ಕೆ ಒಂದು ವಿನಾಯಿತಿ ಇದೆ. ಸಮುದಾಯದ ಪದ್ಧತಿಯಂತೆ ವಿಚ್ಛೇದನ ಪಡೆಯುವ ಹಕ್ಕನ್ನು ಕಾಯ್ದೆಯ 29ನೇ ಕಲಂ ಉಳಿಸಿದೆ. ಆದರೆ ‘ನಮ್ಮಲ್ಲಿ ಹೀಗೇ ನಡೆದು ಬಂದಿದೆ’ ಅಂತ ಬಾಯಲ್ಲಿ ಹೇಳಿದರೆ ಸಾಲದು. ಅಂತಹ ಪದ್ಧತಿ ಇದೆ ಅಂತ ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು ಎಂದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದೆ.

ಕೊಡವ ಮದುವೆಯಲ್ಲಿ ಸಂಬಂಧ ಕೊಡುವಾಗ ಹನ್ನೆರಡು ಕಲ್ಲುಗಳಲ್ಲಿ ಹನ್ನೊಂದನ್ನು ವರನ ಕಡೆಯ ಅರುವನಿಗೆ ಕೊಟ್ಟು, ಒಂದನ್ನು ವಧುವಿನ ಕಡೆಯವರು ಉಳಿಸಿಕೊಳ್ಳುವ ಕ್ರಮವಿದೆ. ಕಷ್ಟ ಬಂದರೆ ಮಗಳಿಗೆ ತವರಿನ ಬಾಗಿಲು ತೆರೆದಿರುತ್ತದೆ ಎಂಬುದು ಅದರ ಅರ್ಥ. ಇದು ಹೆಣ್ಣುಮಗಳಿಗೆ ದೊಡ್ಡ ಆಸರೆಯೇ. ಆದರೆ ತವರಿಗೆ ಮರಳುವುದು ಬೇರೆ, ಮದುವೆ ಮುಗಿಯುವುದು ಬೇರೆ. ಡಿಕ್ರಿ ಇಲ್ಲದೆ ಇಬ್ಬರಲ್ಲಿ ಯಾರೇ ಇನ್ನೊಂದು ಮದುವೆಯಾದರೂ ಆ ಮದುವೆ ಅಸಿಂಧು. ದೂರು ದಾಖಲಾಗಿ ದ್ವಿಪತ್ನಿತ್ವದ ಅಪರಾಧ ಸಾಬೀತಾದರೆ ಏಳು ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು.

ಒಪ್ಪಿಗೆ ಇದ್ದರೆ ದಾರಿ ಸುಲಭ

ಇಬ್ಬರೂ ಒಪ್ಪಿದ್ದರೆ 13-ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಹಾಕಿದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಕೋರ್ಟಿಗೆ ಬಂದು ಒಪ್ಪಿಗೆ ದೃಢಪಡಿಸಬೇಕು. ಈ ನಡುವೆ ಯಾರಾದರೂ ಮನಸ್ಸು ಬದಲಿಸಿದರೆ ಒಪ್ಪಿಗೆಯ ವಿಚ್ಛೇದನ ಆಗುವುದಿಲ್ಲ. ಬೇರೆಯಾಗಿ ಸಾಕಷ್ಟು ಕಾಲ ಕಳೆದು, ಮಗು ಮತ್ತು ಹಣದ ವಿಚಾರ ಎಲ್ಲ ಇತ್ಯರ್ಥವಾಗಿದ್ದರೆ ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾಗಿ ಹಿರಿಯರು ಕೂತು ಮಾಡಿದ ಮಾತುಕತೆ ವ್ಯರ್ಥವಲ್ಲ. ಅಲ್ಲಿ ಆದ ಒಪ್ಪಂದದ ಷರತ್ತುಗಳನ್ನೇ ಜಂಟಿ ಅರ್ಜಿಯ ಜೊತೆ ಕೋರ್ಟಿನ ಮುಂದಿಟ್ಟರೆ ಅದಕ್ಕೆ ಕಾನೂನಿನ ಬಲ ಬರುತ್ತದೆ.

ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ತೊರೆದಿರುವುದು, ವ್ಯಭಿಚಾರ ಮುಂತಾದ ಕಾರಣ ಕೊಟ್ಟು ಸಾಬೀತು ಮಾಡಬೇಕು. ಮದುವೆಯಾಗಿ ಒಂದು ವರ್ಷದೊಳಗೆ ಸಾಮಾನ್ಯವಾಗಿ ವಿಚ್ಛೇದನ ಅರ್ಜಿ ಹಾಕುವಂತಿಲ್ಲ. ಕುಟುಂಬ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಅಧಿಕಾರ ಇರುವ ಸಿವಿಲ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತದೆ. ಗಂಡ ಬೆಂಗಳೂರಿನಲ್ಲಿರಲಿ, ದುಬೈನಲ್ಲಿರಲಿ, ಹೆಂಡತಿ ತಾನು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. 2003ರ ತಿದ್ದುಪಡಿ ಈ ಅನುಕೂಲ ಕೊಟ್ಟಿದೆ.

ಜೀವನಾಂಶಕ್ಕೆ ವಿಚ್ಛೇದನದವರೆಗೆ ಕಾಯಬೇಕಿಲ್ಲ

ಹಳೆಯ ಸಿಆರ್‌ಪಿಸಿಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಜಾತಿ, ಧರ್ಮದ ಭೇದವಿಲ್ಲದೆ ಹೆಂಡತಿ, ಮಕ್ಕಳು, ವಯಸ್ಸಾದ ತಂದೆ-ತಾಯಿ ಇದರಡಿ ಜೀವನಾಂಶ ಕೇಳಬಹುದು. ವಿಚ್ಛೇದನ ಪಡೆದು ಮರುಮದುವೆ ಆಗದ ಮಹಿಳೆಗೂ ಈ ಹಕ್ಕಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ತೀರ್ಮಾನಿಸಬೇಕು ಎಂದು ಕಾನೂನು ಹೇಳುತ್ತದೆ.

ಬಾಂಡ್ ಪೇಪರ್‌ನ ಅಪಾಯ ಇರುವುದು ಇಲ್ಲೇ. ‘ಪರಸ್ಪರ ಒಪ್ಪಿ ಬೇರೆಯಾಗಿ ವಾಸಿಸುತ್ತಿರುವ’ ಹೆಂಡತಿಗೆ ಈ ಕಲಂ ಅಡಿ ಜೀವನಾಂಶ ಸಿಗುವುದಿಲ್ಲ ಎಂಬ ಷರತ್ತು ಅದೇ ಕಲಂನಲ್ಲಿದೆ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳೂ ಒತ್ತಾಯಕ್ಕೆ ಅಂತಹ ಕಾಗದಕ್ಕೆ ಸಹಿ ಹಾಕಿದ್ದರೆ, ನಾಳೆ ಗಂಡನ ವಕೀಲರು ಮೊದಲು ತೋರಿಸುವುದು ಅದನ್ನೇ. ‘ಮಗುವಿಗೂ ಏನೂ ಬೇಡ’ ಅಂತ ಬರೆದುಕೊಟ್ಟಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ. ಅದು ತಾಯಿ ಬಿಟ್ಟುಕೊಡಬಹುದಾದ ಹಕ್ಕಲ್ಲ.

‘ತೋಟ ನನ್ನ ಹೆಸರಲ್ಲಿಲ್ಲ’ ಅಂದರೆ?

ಕೊಡಗಿನಲ್ಲಿ ಆದಾಯದ ಲೆಕ್ಕ ಸುಲಭವಲ್ಲ. ಪಹಣಿ ಅಪ್ಪನ ಹೆಸರಲ್ಲಿರುತ್ತದೆ, ಜಮ್ಮಾ ಜಾಗ ಒಕ್ಕದ ಪಟ್ಟೇದಾರರ ಹೆಸರಲ್ಲಿರುತ್ತದೆ. ಕಾಫಿ, ಕರಿಮೆಣಸಿನ ಹಣ ಬರುವುದು ಸೀಸನ್‌ನಲ್ಲಿ ಮಾತ್ರ. ಹೀಗಾಗಿ ‘ನನಗೆ ತಿಂಗಳ ಆದಾಯವೇ ಇಲ್ಲ’ ಎಂಬ ವಾದ ಬರುವುದು ಸಹಜ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಇದಕ್ಕೆ ದಾರಿ ತೋರಿಸಿದೆ. ಜೀವನಾಂಶದ ಪ್ರಕರಣಗಳಲ್ಲಿ ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚಿನ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಸುಳ್ಳು ಹೇಳಿದರೆ ಕ್ರಮ ಎದುರಿಸಬೇಕಾಗುತ್ತದೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಕಾಫಿ ಮಾರಿದ ಬಿಲ್, ಬ್ಯಾಂಕ್ ಪಾಸ್‌ಬುಕ್, ಬೆಳೆ ಸಾಲದ ದಾಖಲೆ, ವಾಹನದ ಆರ್‌ಸಿ, ಮಗುವಿನ ಶಾಲೆ ಫೀಸಿನ ರಸೀದಿ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಹೆಂಡತಿಗೂ ಸಂಬಳ ಇದ್ದರೆ ಅದನ್ನು ಮುಚ್ಚಿಡುವಂತಿಲ್ಲ. ಸಂಬಳ ಇದೆ ಅನ್ನುವ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದೂ ಇಲ್ಲ.

ಆದೇಶವಾದ ಮೇಲೂ ಹಣ ಕೊಡದಿದ್ದರೆ ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು, ಜೈಲಿಗೂ ಕಳುಹಿಸಬಹುದು. ಆದರೆ 144ನೇ ಕಲಂ ಅಡಿಯ ಬಾಕಿಗೆ ವಾರಂಟ್ ಬೇಕಿದ್ದರೆ ಅದು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಇವತ್ತಲ್ಲ ನಾಳೆ ಕೊಡ್ತಾರೆ’ ಅಂತ ವರ್ಷಗಟ್ಟಲೆ ಸುಮ್ಮನಿದ್ದರೆ ನಷ್ಟ.

ಮಗು ಯಾರ ಬಳಿ?

ಗೆದ್ದವರಿಗೆ ಮಗು, ಸೋತವರಿಗೆ ಇಲ್ಲ ಎಂಬ ಲೆಕ್ಕ ಇಲ್ಲಿಲ್ಲ. ಕೋರ್ಟ್ ನೋಡುವುದು ಮಗುವಿನ ಹಿತವನ್ನು. ಹಿಂದೂ ಅಪ್ರಾಪ್ತರ ಮತ್ತು ಪಾಲಕತ್ವ ಕಾಯ್ದೆ, 1956ರ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಅದಕ್ಕಿಂತ ದೊಡ್ಡ ಮಗುವಿನ ವಿಚಾರದಲ್ಲಿ ಶಾಲೆ, ಆರೋಗ್ಯ, ಮನೆಯ ವಾತಾವರಣ, ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ಪರಿಶೀಲಿಸುತ್ತಾರೆ. ತಿಳಿವಳಿಕೆ ಬಂದ ಮಗುವಿನ ಅಭಿಪ್ರಾಯವನ್ನೂ ಕೇಳಬಹುದು. ಯಾರಿಗೆ ಹೆಚ್ಚು ತೋಟ ಇದೆ ಎಂಬುದೊಂದೇ ಮಾನದಂಡವಲ್ಲ.

ಮಗು ತಾಯಿಯ ಬಳಿ ಇದ್ದರೂ ತಂದೆಗೆ ಭೇಟಿಯ ಹಕ್ಕು ಕೇಳಲು ಅವಕಾಶವಿದೆ. ವಾರದ ಕೊನೆ, ಶಾಲೆ ರಜೆ, ಪುತ್ತರಿಯಂತಹ ಹಬ್ಬ, ವಿಡಿಯೊ ಕರೆ ಇವನ್ನೆಲ್ಲ ಮೊದಲೇ ಬರೆದುಕೊಂಡರೆ ಜಗಳ ಕಡಿಮೆ. ಜೀವನಾಂಶ ಕೊಡುತ್ತಿಲ್ಲ ಅಂತ ಮಗುವನ್ನು ತೋರಿಸದಿರುವುದು, ಮಗು ತೋರಿಸುತ್ತಿಲ್ಲ ಅಂತ ಹಣ ನಿಲ್ಲಿಸುವುದು ಎರಡೂ ತಪ್ಪು. ಪರಿಸ್ಥಿತಿ ಬದಲಾದರೆ ಕೋರ್ಟ್ ಆದೇಶವನ್ನೂ ಬದಲಿಸಬಹುದು.

ಬೇರೆ ಸಮುದಾಯಗಳಿಗೆ

ಯರವ, ಜೇನುಕುರುಬ, ಬೆಟ್ಟಕುರುಬರಂತಹ ಪರಿಶಿಷ್ಟ ಪಂಗಡಗಳಿಗೆ ಹಿಂದೂ ವಿವಾಹ ಕಾಯ್ದೆ ನೇರವಾಗಿ ಅನ್ವಯವಾಗುವುದಿಲ್ಲ. ಅವರ ಮದುವೆ, ವಿಚ್ಛೇದನ ನಡೆಯುವುದು ಅವರದ್ದೇ ಪದ್ಧತಿಯಂತೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ, ಅದರಲ್ಲೂ ಪರಸ್ಪರ ಒಪ್ಪಿಗೆಗೆ ಅವಕಾಶವಿದೆ. ಮುಸ್ಲಿಂ ಮಹಿಳೆಯರು 1939ರ ಕಾಯ್ದೆಯಡಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು. ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯಂತೆ ಅಸಿಂಧು ಮತ್ತು ಅಪರಾಧ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೇ ಕಲಂನ ಜೀವನಾಂಶದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಮತ್ತೆ ಹೇಳಿದೆ.

ಎಲ್ಲಿ ಕೇಳಬೇಕು?

ವಕೀಲರ ಫೀಸಿಗೆ ಹೆದರಿ ಬಾಂಡ್ ಪೇಪರ್‌ಗೆ ಒಪ್ಪಬೇಕಾಗಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಬಹುದು. ಮನೆಯಲ್ಲಿ ಹಿಂಸೆ ಇದ್ದರೆ 181 ಮಹಿಳಾ ಸಹಾಯವಾಣಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ವಾಸದ ಹಕ್ಕು, ರಕ್ಷಣಾ ಆದೇಶ, ಮಗುವಿನ ತಾತ್ಕಾಲಿಕ ಸುಪರ್ದಿ ಕೇಳಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯನ್ನು ಸಂಪರ್ಕಿಸಬಹುದು.

ಮದುವೆಯ ಫೋಟೊ ಮತ್ತು ಆಮಂತ್ರಣ ಪತ್ರಿಕೆ, ನೋಂದಣಿ ಪತ್ರ ಇದ್ದರೆ ಅದು, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಆದಾಯದ ದಾಖಲೆಗಳ ಪ್ರತಿ ಕೈಯಲ್ಲಿರಲಿ. ಯಾರೇ ಕಾಗದ ಮುಂದಿಟ್ಟು ಸಹಿ ಕೇಳಿದರೂ, ಒಬ್ಬ ವಕೀಲರಿಗೆ ತೋರಿಸುವವರೆಗೆ ಸಹಿ ಹಾಕದಿರುವುದು ಒಳ್ಳೆಯದು.