ಸಹಿ ಹಾಕುವ ಕೈ

ವಿಮಾನ ಹಗಲಿಡೀ ಹಾರಬೇಕು. ಹಾಗಾಗಿ ರಿಪೇರಿಯ ಬಹುಪಾಲು ರಾತ್ರಿಯೇ. ಕೊನೆಯ ಪ್ರಯಾಣಿಕರು ಇಳಿದು ಹೋದ ಮೇಲೆ ಟಾರ್ಚು, ಟೂಲ್‌ಬಾಕ್ಸು ಹಿಡಿದು ಬರುವವರು ಟೈರು, ಬ್ರೇಕು, ಎಂಜಿನ್ ಆಯಿಲ್ ಒಂದೊಂದನ್ನೇ ನೋಡಿ, ಬೆಳಗಿನ ಹಾರಾಟಕ್ಕೆ ಸಹಿ ಹಾಕಿ ಮನೆಗೆ ಹೋಗುತ್ತಾರೆ. ಪೈಲಟ್ ಹೆಸರು ಮೈಕಿನಲ್ಲಿ ಕೇಳಿಸುತ್ತದೆ, ಇವರದು ಕೇಳಿಸುವುದಿಲ್ಲ. ಈಚೆಗೆ ತೀರಿಕೊಂಡ ನಮ್ಮ ದೊಡ್ಡಪ್ಪ ಆಯುಷ್ಯದ ಅರ್ಧದಷ್ಟನ್ನು ಈ ಕೆಲಸಕ್ಕೆ ಕೊಟ್ಟವರು.

ಕಸುಬಿನ ಮೂಲಪುರುಷ ಚಾರ್ಲಿ ಟೇಲರ್, ಅಮೆರಿಕದ ಡೇಟನ್‌ನಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್. 1903ರ ವಿಮಾನಕ್ಕೆ ಆರು ವಾರದಲ್ಲಿ ಸುಮಾರು 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟವರು. ಅವರು ಹುಟ್ಟಿದ ಮೇ 24 ಅಲ್ಲಿ ವಿಮಾನ ಮೆಕ್ಯಾನಿಕ್‌ಗಳ ದಿನ.

ದೊಡ್ಡಪ್ಪ ಇಂಡಿಯನ್ ಏರ್‌ಲೈನ್ಸ್ ಸೇರಿದ್ದು ಅರವತ್ತರ ದಶಕದ ಕೊನೆಗೆ. ಎಂಟು ಕಂಪನಿಗಳನ್ನು ರಾಷ್ಟ್ರೀಕರಿಸಿ 1953ರಲ್ಲಿ ಕಟ್ಟಿದ ಸಂಸ್ಥೆಯದು. ಎರಡು ಸಾಲಿನಲ್ಲಿ 14 ಸಿಲಿಂಡರಿನ ಎಂಜಿನ್ನುಗಳ ಡಕೋಟಾ ಆಗಿನ್ನೂ ಇತ್ತು. ಆಮೇಲೆ ಕಾನ್ಪುರದ ಎಚ್‌ಎಎಲ್ ಕಟ್ಟಿದ ಆವ್ರೊ, ಬೋಯಿಂಗ್ 737, 1989ರಲ್ಲಿ ಕಂಪ್ಯೂಟರು ತುಂಬಿದ ಏರ್‌ಬಸ್ ಎ320. ಹೊಸ ಮಾದರಿ ಬಂದಾಗಲೆಲ್ಲ ಮತ್ತೆ ಕ್ಲಾಸು, ಮತ್ತೆ ಪರೀಕ್ಷೆ. ಲೈಸೆನ್ಸಿನಲ್ಲಿ ಆ ವಿಮಾನದ ಹೆಸರು ಸೇರಿದರೆ ಮಾತ್ರ ಅದಕ್ಕೆ ಸಹಿ ಹಾಕುವ ಹಕ್ಕು. ಹಿರಿಯ ಮಗಳು ಎಸ್ಸೆಸ್ಸೆಲ್ಸಿಗೆ ಓದುವಾಗ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ದೊಡ್ಡಪ್ಪನೂ ಓದುತ್ತಿದ್ದರು.

ಈ ಕಸುಬು ಎಂಥದೆಂದು ತಿಳಿಯಲು ಲಾಕಿಂಗ್ ವೈರ್ ನೋಡಬೇಕು. ನಡುಕಕ್ಕೆ ಬೋಲ್ಟು ಸಡಿಲವಾಗದಂತೆ ಅದರ ತಲೆಯ ತೂತಿಗೆ ಸ್ಟೀಲ್ ತಂತಿ ತೂರಿಸಿ, ಎರಡೂ ಎಳೆ ಹೊಸೆದು ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಒಂದು ಸಡಿಲವಾಗಲು ಹೊರಟರೆ ಇನ್ನೊಂದನ್ನು ಬಿಗಿಯುವ ದಿಕ್ಕಿಗೇ ತಂತಿ ಎಳೆದಿರಬೇಕು. ಹೊಸೆತ ಕಡಿಮೆಯಾದರೆ ಹಿಡಿತವಿಲ್ಲ, ಅತಿಯಾದರೆ ತಂತಿ ತುಂಡು. ಕೊನೆಗೆ ಮೊನೆಯನ್ನು ಒಳಕ್ಕೆ ಮಡಚಬೇಕು, ನಾಳೆ ಅಲ್ಲಿ ಕೈ ಹಾಕುವವರ ಬೆರಳು ಹರಿಯಬಾರದು. ಮುಖವೇ ಕಾಣದ ಸಹೋದ್ಯೋಗಿಗಾಗಿ ಮಡಚುವ ಆ ಮೊನೆಯ ಮೇಲೆ ನನಗೆ ಬಲು ಗೌರವ.

ಹಾರಾಟ ನಿಯಂತ್ರಿಸುವ ಭಾಗಗಳನ್ನು ಬಿಚ್ಚಿ ಜೋಡಿಸಿದರೆ ಒಬ್ಬರು ನೋಡಿದ್ದು ಸಾಲದು, ಇನ್ನೊಬ್ಬರೂ ಬೇರೆಯಾಗಿ ಪರೀಕ್ಷಿಸಿ ಸಹಿ ಮಾಡಬೇಕು. ಕೆಲಸ ಮುಗಿದ ಮೇಲೆ ಸ್ಪ್ಯಾನರುಗಳ ಲೆಕ್ಕ ಸರಿಹೋಗದೆ ವಿಮಾನ ಬಿಡುವಂತಿಲ್ಲ. ತಡವಾಯಿತೆಂದು ನಾವು ಕೌಂಟರಿನಲ್ಲಿ ಕೂಗಾಡುವಾಗ ಅತ್ತ ಒಬ್ಬರು ಮನಸ್ಸು ಒಪ್ಪದೆ ಸಹಿ ತಡೆಹಿಡಿದಿರಬಹುದು. ಈ ವೃತ್ತಿಗೆ ಬೇಕಾದ ದೊಡ್ಡ ಧೈರ್ಯ ಅದೇ ಎಂದು ನಾನು ನಂಬಿದ್ದೇನೆ.

ರಾತ್ರಿಪಾಳಿ ಮುಗಿಸಿ ಬಂದ ದೊಡ್ಡಪ್ಪ ಮಲಗುವ ಮೊದಲು ಹೆಣ್ಣುಮಕ್ಕಳಿಬ್ಬರಿಗೂ ಜಡೆ ಹಾಕಿ ಸ್ಕೂಲಿಗೆ ಬಿಡುತ್ತಿದ್ದರು. ತಂತಿ ಹೊಸೆದು ಪಳಗಿದ ಕೈ. ಆ ಜಡೆ ಸಂಜೆಯಾದರೂ ಬಿಚ್ಚುತ್ತಿರಲಿಲ್ಲ. ಮನೆಗೂ ಒಂದು ಲಾಗ್‌ಬುಕ್ ಇಟ್ಟಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಹಾಕಿದ್ದು, ಮಿಕ್ಸಿಯ ಕಾರ್ಬನ್ ಬ್ರಷ್ ಬದಲಿಸಿದ್ದು, ಸಂಪಿನ ಮೋಟಾರಿಗೆ ಗ್ರೀಸ್ ಹಾಕಿದ್ದು, ಎಲ್ಲಕ್ಕೂ ತಾರೀಕು, ಕೆಳಗೆ ಸಹಿ. ಮೋಟಾರಿನ ಮುಂದಿನ ಸರ್ವಿಸ್ ಬರುವ ತಿಂಗಳು. ದೊಡ್ಡಮ್ಮ ಮೊಮ್ಮಗಳನ್ನು ಕರೆದು, ಕೆಲಸ ನೀನೇ ಮಾಡು, ಸಹಿಯನ್ನೂ ನೀನೇ ಹಾಕು ಅಂದಿದ್ದಾರೆ.