ಟ್ರಾನ್ಸ್‌ಫಾರ್ಮರ್ ನುಂಗುವ ಯೂನಿಟ್ ಎಷ್ಟು?

ಆಫೀಸಿನ ದೀಪಗಳೆಲ್ಲ ಆರಿದ ಮೇಲೂ ಕಟ್ಟಡದ ಟ್ರಾನ್ಸ್‌ಫಾರ್ಮರ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಎಚ್‌ಟಿ ಸಂಪರ್ಕದಲ್ಲಿ ಸಾಮಾನ್ಯವಾಗಿ ಮೀಟರ್ ಅದಕ್ಕಿಂತ ಮೊದಲೇ ಇರುವುದರಿಂದ ಈ ನಷ್ಟ ನಿಮ್ಮ ಬಿಲ್ಲಿಗೇ ಸೇರುತ್ತದೆ. ಎಷ್ಟು ಅಂತ ಲೆಕ್ಕ ಹಾಕೋಣ.

ನಷ್ಟ ಎರಡು ಬಗೆ. ಕೋರ್ ಲಾಸ್: ಲೋಡ್ ಇರಲಿ, ಬಿಡಲಿ, ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ. ಕಾಪರ್ ಲಾಸ್: ಲೋಡಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೋಡ್ ಅರ್ಧವಾದರೆ ಇದು ಕಾಲು ಭಾಗಕ್ಕೆ ಇಳಿಯುತ್ತದೆ.

ಟೆಸ್ಟ್ ರಿಪೋರ್ಟ್ ತೆಗೆಯಿರಿ. ಕೋರ್ ಲಾಸ್ 0.8 ಕಿಲೋವ್ಯಾಟ್, ಪೂರ್ಣ ಲೋಡಿನಲ್ಲಿ ಕಾಪರ್ ಲಾಸ್ 5 ಕಿಲೋವ್ಯಾಟ್ ಎಂದುಕೊಳ್ಳಿ. ವರ್ಷಕ್ಕೆ 8,760 ಗಂಟೆ. ಕೋರ್ ಪಾಲು 7,008 ಯೂನಿಟ್.

ಈಗ ಕಾಪರ್ ಪಾಲು. ಹಗಲು 12 ಗಂಟೆ ಶೇ. 60 ಲೋಡ್, ರಾತ್ರಿ 12 ಗಂಟೆ ಶೇ. 20. ಸರಾಸರಿ ಶೇ. 40 ಅಂತ ಹಿಡಿದು ವರ್ಗ ಮಾಡಿದರೆ 7,008 ಯೂನಿಟ್ ಬರುತ್ತದೆ. ಲೆಕ್ಕ ತಪ್ಪುವುದು ಇಲ್ಲೇ! ಮೊದಲು ವರ್ಗ ಮಾಡಿ, ಆಮೇಲೆ ಸರಾಸರಿ ತೆಗೆಯಿರಿ. 0.36 ಮತ್ತು 0.04ರ ಸರಾಸರಿ 0.20. ಸರಿಯಾದ ಉತ್ತರ 8,760 ಯೂನಿಟ್.

ಎರಡೂ ಸೇರಿ ವರ್ಷಕ್ಕೆ 15,768 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ ಸುಮಾರು 1.26 ಲಕ್ಷ ರೂಪಾಯಿ.

ನಿಮ್ಮ ಬಳಿ ಶೇ. 50 ಮತ್ತು ಶೇ. 100 ಲೋಡಿನ ಒಟ್ಟು ನಷ್ಟದ ಅಂಕಿ ಮಾತ್ರ ಇದೆಯೇ? ಅವುಗಳ ವ್ಯತ್ಯಾಸವನ್ನು 0.75ರಿಂದ ಭಾಗಿಸಿ, ಪೂರ್ಣ ಲೋಡಿನ ಕಾಪರ್ ಲಾಸ್ ಸಿಗುತ್ತದೆ. ಅದನ್ನು ಶೇ. 100ರ ನಷ್ಟದಿಂದ ಕಳೆದರೆ ಕೋರ್ ಲಾಸ್.

ಹೊಸ ಟ್ರಾನ್ಸ್‌ಫಾರ್ಮರ್ ಕೊಳ್ಳುವ ಮುನ್ನ ಕೊಟೇಶನ್ ಪಕ್ಕದಲ್ಲೇ ಈ ಲೆಕ್ಕವನ್ನೂ ಬರೆದು ಹೋಲಿಸಿ ನೋಡಿ.